ಹಳೆ 407ಕ್ಕೆ ಗೇರ್ ಟೈಪ್ ಸೆಲ್ಫ್ ಮೋಟರ್: ನಾಲ್ಕು ಮಳೆಗಾಲ ಕಳೆದ ಮೇಲೆ

ಗಾಡಿ: ಟಾಟಾ 407, ಟರ್ಬೊ ಇಲ್ಲದ 497 ಎಂಜಿನ್, ನಾಲ್ಕು ಸಿಲಿಂಡರ್, 2956 ಸಿಸಿ, 12 ವೋಲ್ಟ್.
ಓಡಾಟ: ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೋರೆಗಳಿಂದ ಕುಂಬಳೆ, ಉಪ್ಪಳದ ಕರಾವಳಿಗೆ ಮುರಕಲ್ಲು ಸಾಗಣೆ. ದಿನಕ್ಕೆ ಇಪ್ಪತ್ತು ಸಲವಾದರೂ ಸೆಲ್ಫ್ ಹೊಡೆಯುವ ಕೆಲಸ.
ಹಾಕಿದ್ದು: ಗೇರ್ ರಿಡಕ್ಷನ್ ಸ್ಟಾರ್ಟರ್ (ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್), ಮ್ಯಾಗ್ನೆಟ್ ಟೈಪ್, ಗಾಡಿ ಕಂಪೆನಿಯದ್ದಲ್ಲ, ಹೊರಗಿನ ತಯಾರಿ.
ಅಂಕ: 5ರಲ್ಲಿ 4.

ಮೋಟರ್ ಒಳ್ಳೆಯದು. ಆದರೆ ಕೇಬಲ್ ಮತ್ತು ಅರ್ತ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಸರಿಯಿಲ್ಲದ ಗಾಡಿಗೆ ಇದನ್ನು ಕೂರಿಸಿದರೆ ಹಣ ಹೊಳೆಗೆ ಹಾಕಿದ ಹಾಗೆ. ಹೊಸ ಮೋಟರ್ ಹಾಕಿ ವಾರ ಕಳೆಯುವುದರೊಳಗೆ, ಕೀ ತಿರುಗಿಸಿದರೂ ಎಂಜಿನ್ ತಿರುಗದೆ ಬರುವ ಅದೇ ‘ಟಕ್’ ಶಬ್ದ ಮರಳಿ ಬರುವುದು ನಮ್ಮ ಕಡೆ ಹೊಸತಲ್ಲ. ಕೋರೆಯ ಕೆಂಪು ಧೂಳು, ಆಟಿ ತಿಂಗಳ ಮಳೆ, ಹೆದ್ದಾರಿ 66ರ ಬದಿಯ ಉಪ್ಪುಗಾಳಿ, ಮೂರೂ ಸೇರಿ ಮೊದಲು ತಿನ್ನುವುದು ಮೋಟರನ್ನಲ್ಲ, ಕೇಬಲಿನ ಲಗ್ಗನ್ನು, ಅಂದರೆ ತುದಿಯ ಲೋಹದ ಬಳೆಯನ್ನು. ಹಾಗಾಗಿ ಕೊಳ್ಳುವ ಮೊದಲು ಏನೇನು ಅಳೆಯಬೇಕು ಎಂಬುದನ್ನೇ ಇಲ್ಲಿ ಹೆಚ್ಚು ಬರೆದಿದೆ.

ಶಬ್ದದಿಂದ ಶುರು ಮಾಡಿ. ಕೀ ತಿರುಗಿಸಿದಾಗ ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಕೊಡುವ ಕಾಂತದ ಸ್ವಿಚ್) ಎಳೆದಿದೆ, ಕರೆಂಟ್ ದಾಟುತ್ತಿಲ್ಲ. ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಸವೆದಿರಬಹುದು, ದಪ್ಪ ಕೇಬಲಿನಲ್ಲಿ ತಡೆ ಇರಬಹುದು. ‘ಟಕಟಕಟಕ’ ಎಂದು ಬಡಿದುಕೊಂಡರೆ ಹೆಚ್ಚಾಗಿ ಬ್ಯಾಟರಿ ಇಳಿದಿರುತ್ತದೆ, ಇಲ್ಲವೇ ಸೊಲೆನಾಯ್ಡಿನ ಹಿಡಿದಿಡುವ ಕಾಯಿಲ್ ಕಡಿದಿರುತ್ತದೆ. ಸೊಲೆನಾಯ್ಡಿನಲ್ಲಿ ಎರಡು ಕಾಯಿಲ್ ಉಂಟು, ಒಂದು ಎಳೆಯಲಿಕ್ಕೆ, ಇನ್ನೊಂದು ಎಳೆದದ್ದನ್ನು ಹಿಡಿದಿಡಲಿಕ್ಕೆ. ಕಾಂಟ್ಯಾಕ್ಟ್ ಕೂಡಿದ ಕೂಡಲೇ ಮೊದಲನೆಯದರ ಕೆಲಸ ಮುಗಿಯುತ್ತದೆ. ಎರಡನೆಯದು ಇಲ್ಲದಿದ್ದರೆ ಪ್ಲಂಜರ್, ಅಂದರೆ ಒಳಗಿನ ಕಬ್ಬಿಣದ ಸರಳು, ಹಿಂದೆ ಹಾರುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಹಾರುತ್ತದೆ. ಮೋಟರ್ ‘ಸುಯ್’ ಎಂದು ತಿರುಗಿ ಎಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸ್ (ಮೋಟರಿನ ತಿರುಗುವಿಕೆಯನ್ನು ಎಂಜಿನ್ನಿಗೆ ದಾಟಿಸುವ ಕ್ಲಚ್) ಜಾರುತ್ತಿದೆ. ‘ಕರ್ರ್’ ಎಂದು ಹಲ್ಲು ಕಡಿಯುವ ಶಬ್ದ ಬಂದರೆ ಮೋಟರಿನ ಸಣ್ಣ ಹಲ್ಲುಗಾಲಿ ಪಿನಿಯನ್ ಇಲ್ಲವೇ ಅದು ಕೂಡುವ ಎಂಜಿನ್ನಿನ ಫ್ಲೈವೀಲ್ ರಿಂಗ್ ಸವೆದಿದೆ. ಕೀ ಬಿಟ್ಟರೂ ಮೋಟರ್ ನಿಲ್ಲದಿದ್ದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ಆಗ ಯೋಚಿಸುತ್ತ ನಿಲ್ಲಬೇಡಿ, ಬ್ಯಾಟರಿಯ ಟರ್ಮಿನಲ್ ಕಳಚಿ.

ಇನ್ನು ಮೀಟರ್. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಒಬ್ಬರು ಎಂಜಿನ್ ಆರಿಸುವ ಸ್ಟಾಪ್ ಕೇಬಲ್ ಎಳೆದು ಹಿಡಿದು ಸೆಲ್ಫ್ ಹೊಡೆಯಬೇಕು, ಎಂಜಿನ್ ತಿರುಗಬೇಕು ಆದರೆ ಹಿಡಿಯಬಾರದು. ಇನ್ನೊಬ್ಬರು ಮೀಟರ್ ನೋಡಬೇಕು. ಒಂದೊಂದು ಸಲಕ್ಕೂ ಐದಾರು ಸೆಕೆಂಡ್ ಸಾಕು. ಹತ್ತು ಸೆಕೆಂಡ್ ದಾಟಿಸದೆ, ನಡುವೆ ಒಂದು ನಿಮಿಷ ಆರಲು ಬಿಡಿ.

ಮೊದಲು ಬ್ಯಾಟರಿ. ಈಗಷ್ಟೇ ಓಡಿಬಂದ ಗಾಡಿಯಾದರೆ ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿ, ಮೇಲುಮೇಲಿನ ಚಾರ್ಜ್ ಇಳಿಯಲಿ. ಆಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12.0ಕ್ಕೆ ಬಂದರೆ ಕಾಲು ಭಾಗ ಮಾತ್ರ. ಸೆಲ್ಫ್ ಹೊಡೆಯುವಾಗ 9.6ರ ಕೆಳಗೆ ಇಳಿಯಬಾರದು. ಇಳಿದರೆ ಅಲ್ಲಿಗೇ ನಿಲ್ಲಿಸಿ. ಬ್ಯಾಟರಿ ಚಾರ್ಜ್ ಮಾಡದೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. 24 ವೋಲ್ಟಿನ ದೊಡ್ಡ ಲಾರಿಯಾದರೆ ಎರಡು ಬ್ಯಾಟರಿಗಳನ್ನೂ ಬೇರೆಬೇರೆಯಾಗಿ ನೋಡಿ, ಒಂದು ಸತ್ತಿದ್ದರೆ ಇನ್ನೊಂದು ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಈಗ ಮುಖ್ಯ ವಿಷಯ, ದಾರಿಯಲ್ಲಿ ಸೋರಿಹೋಗುವ ವೋಲ್ಟೇಜ್. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಅದರ ವಯರಿನ ಒಂದು ಮೊನೆ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಕ್ಲಾಂಪಿಗಲ್ಲ, ಕಂಬಕ್ಕೇ. ಇನ್ನೊಂದು ಸ್ಟಾರ್ಟರಿನ ದಪ್ಪ ಬೋಲ್ಟಿಗೆ, ಅಂದರೆ 30 ಎಂದು ಗುರುತಿರುವ ಟರ್ಮಿನಲ್‌ಗೆ. ಸೆಲ್ಫ್ ಹೊಡೆಯುವಾಗ 0.5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಪಾಸಿಟಿವ್ ಕೇಬಲ್ ತಪ್ಪಿತಸ್ಥ. ಹಾಗೆಯೇ ಬ್ಯಾಟರಿಯ ನೆಗೆಟಿವ್ ಕಂಬದಿಂದ ಸ್ಟಾರ್ಟರಿನ ಮೈಗೆ: 0.3 ದಾಟಬಾರದು. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆಯೂ 0.3ರ ಒಳಗಿರಬೇಕು, ಇಲ್ಲಿ ಕೀ ತಿರುಗಿಸುವ ಮೊದಲು ಪೂರ್ತಿ 12 ತೋರಿಸುತ್ತದೆ, ಹೆದರಬೇಡಿ, ಕಾಂಟ್ಯಾಕ್ಟ್ ಕೂಡಿದ ಮೇಲಿನದ್ದೇ ಲೆಕ್ಕ.

ಇಷ್ಟು ಸಣ್ಣ ಅಂಕಿಗೆ ಯಾಕೆ ಇಷ್ಟು ಮಹತ್ವ ಎಂದರೆ, ಎಂಜಿನ್ ತಿರುಗಿಸುವಾಗ ಹರಿಯುವುದು ನೂರಾರು ಆಂಪಿಯರ್. 300 ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮಿನ ಸಾವಿರದ ಒಂದು ಭಾಗ ತಡೆ ಇದ್ದರೂ 0.3 ವೋಲ್ಟ್ ಹೋಯಿತು. ಟೆಸ್ಟ್ ಲ್ಯಾಂಪ್ ಇಲ್ಲಿ ಮೋಸ ಮಾಡುತ್ತದೆ. ಕೇಬಲಿನ ಎಳೆಗಳೆಲ್ಲ ಕಡಿದು ಎರಡೇ ಎಳೆ ಉಳಿದಿದ್ದರೂ ಬಲ್ಬ್ ಚೆನ್ನಾಗಿ ಉರಿಯುತ್ತದೆ, ಓಮ್ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ಭಾರ ಬಿದ್ದಾಗ ಮಾತ್ರ ಬಣ್ಣ ಬಯಲಾಗುವುದು.

ಅರ್ತ್ ಬಗ್ಗೆ ಇನ್ನೊಂದಿಷ್ಟು. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿದೆ, ಚಾಸಿಗೂ ಅದಕ್ಕೂ ನಡುವೆ ಇರುವುದು ಒಂದು ಹೆಣೆದ ಪಟ್ಟಿ ಮಾತ್ರ. ಆ ಪಟ್ಟಿ ತುಕ್ಕು ಹಿಡಿದರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್, ಸ್ಟಾಪ್ ಕೇಬಲಿನ ತಂತಿಯ ಮೂಲಕ ಹಾಯುತ್ತದೆ. ಸೆಲ್ಫ್ ಹೊಡೆದ ಮೇಲೆ ಸ್ಟಾಪ್ ಕೇಬಲ್ ಬಿಸಿಯಾಗಿದ್ದರೆ ಮೀಟರೇ ಬೇಡ, ಅರ್ತ್ ಹೋಗಿದೆ. ಬ್ಯಾಟರಿ ನೆಗೆಟಿವ್‌ನಿಂದ ನೇರ ಕ್ಲಚ್ ಹೌಸಿಂಗಿನ ಬೋಲ್ಟಿಗೆ ಇನ್ನೊಂದು 50 ಚದರ ಮಿಲಿಮೀಟರ್ ಕೇಬಲ್ ಎಳೆಯುವುದು ಒಳ್ಳೆಯದು. ಕೂರುವ ಜಾಗದ ಪೇಂಟು, ಕೆಂಪು ಮಣ್ಣಿನ ಪದರ ಕೆರೆದು ಹೊಳೆಯುವ ಲೋಹ ಕಾಣಬೇಕು, ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆಯೇ ವ್ಯಾಸಲೀನ್ ಸವರಬೇಕು.

ಕೇಬಲ್ ಕೊಳ್ಳುವಾಗ ತುದಿಯ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಾಕಿದ ಅಲ್ಯುಮಿನಿಯಂ. ಅದೇ ದಪ್ಪದಲ್ಲಿ ಅದು ತಾಮ್ರದಷ್ಟು ಕರೆಂಟ್ ಹೊರುವುದಿಲ್ಲ, ನಮ್ಮ ಉಪ್ಪುಗಾಳಿಗೆ ಲಗ್ಗಿನ ಬಾಯಲ್ಲಿ ಬೇಗ ಪುಡಿಯಾಗುತ್ತದೆ. ಹಳೆ ಕೇಬಲಾದರೆ ಲಗ್ಗಿನ ಹತ್ತಿರ ಬಗ್ಗಿಸಿ. ಒಳಗೆ ‘ಚರಚರ’ ಎಂದರೆ ಹಸಿರು ಕಿಲುಬು ಹಿಡಿದಿದೆ, ಬಿಸಾಡಿ.

ತೆಳು ವಯರಿನ ಕಡೆಗೂ ಒಂದು ನೋಟ. 50 ಎಂದು ಬರೆದ ಸಣ್ಣ ಟರ್ಮಿನಲ್ಲಿಗೂ ಮೋಟರಿನ ಮೈಗೂ ನಡುವೆ, ಕೀ ತಿರುಗಿಸಿದಾಗ ಕನಿಷ್ಠ 9 ವೋಲ್ಟ್ ಬರಬೇಕು. ಹಳೆ ಗಾಡಿಗಳಲ್ಲಿ ಕೀ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದು ಇಲ್ಲಿ 7 ಕೂಡ ಬರುವುದಿಲ್ಲ. ಪರಿಹಾರ ಒಂದು 12 ವೋಲ್ಟಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್): ಕೀಯಿಂದ ಬರುವ ವಯರ್ ರಿಲೇಗೆ, ಬ್ಯಾಟರಿಯಿಂದ 30 ಆಂಪಿಯರ್ ಫ್ಯೂಸ್ ಮೂಲಕ 4 ಚದರ ಮಿಲಿಮೀಟರ್ ವಯರ್ ರಿಲೇ ದಾಟಿ 50ಕ್ಕೆ. ಹೊಸ ಸೆಲ್ಫಿನ ಬೆಲೆಯ ಮುಂದೆ ಇದು ಚಿಲ್ಲರೆ ಕಾಸು.

ಇಷ್ಟೆಲ್ಲ ಸರಿಯಿದ್ದೂ ಎಂಜಿನ್ ನಿಧಾನ ತಿರುಗಿದರೆ ಮಾತ್ರ ಮೋಟರ್ ಬಿಚ್ಚಿ. ಬೆಂಚಿನ ಮೇಲೆ ಖಾಲಿ ತಿರುಗಿತೆಂದು ಒಳ್ಳೆಯದೆಂದು ತೀರ್ಮಾನಿಸಬೇಡಿ. ಬುಷ್ (ಶಾಫ್ಟ್ ತಿರುಗುವ ಲೋಹದ ಕೊಳವೆ) ಸವೆದ ಮೋಟರ್ ಖಾಲಿಯಾಗಿ ಚೆನ್ನಾಗಿಯೇ ತಿರುಗುತ್ತದೆ, ಭಾರ ಬಿದ್ದಾಗ ಆರ್ಮೇಚರ್, ಅಂದರೆ ಒಳಗೆ ತಿರುಗುವ ಭಾಗ, ಪಕ್ಕಕ್ಕೆ ವಾಲಿ ಸುತ್ತಲಿನ ಪೋಲ್‌ಗೆ ಉಜ್ಜುತ್ತದೆ. ಬಿಚ್ಚಿದರೆ ಆರ್ಮೇಚರಿನ ಮೈಮೇಲೆ ಒಂದು ಕಡೆ ಹೊಳೆಯುವ ಉಜ್ಜಿದ ಗೆರೆ ಕಾಣುತ್ತದೆ. ಅಷ್ಟೇ ದೋಷವಿದ್ದರೆ ಹೊಸ ಬುಷ್‌ಗಳನ್ನು ರಾತ್ರಿಯಿಡೀ ಎಂಜಿನ್ ಎಣ್ಣೆಯಲ್ಲಿ ನೆನೆಸಿ ಹಾಕಿ, ಹಳೆ ಮೋಟರೇ ವರ್ಷಗಟ್ಟಲೆ ಓಡುತ್ತದೆ. ಕಾರ್ಬನ್ ಮುಟ್ಟುವ ಕಾಮ್ಯುಟೇಟರನ್ನು ನಯವಾದ ಮರಳು ಕಾಗದದಲ್ಲಿ ಉಜ್ಜಿ, ಎಮರಿ ಬೇಡ. ಅದರ ಪುಡಿ ಸಂದಿಯಲ್ಲಿ ಕೂತು ಶಾರ್ಟ್ ಮಾಡುತ್ತದೆ. ಬೆಂಡಿಕ್ಸನ್ನು ಡೀಸೆಲಿನಲ್ಲಿ ಅದ್ದಿ ತೊಳೆಯುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಅದನ್ನು ಬಿಡಲೇಬೇಕು. ಒಳಗಿನ ರೋಲರುಗಳ ಗ್ರೀಸು ತೊಳೆದುಹೋಗಿ ತಿಂಗಳೊಳಗೆ ಜಾರಲು ಶುರುವಾಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇದೆಲ್ಲ ಮುಗಿದು, ಆರ್ಮೇಚರೇ ಸುಟ್ಟ ಗಾಡಿಗೆ ಗೇರ್ ಟೈಪ್ ಹಾಕಿದ್ದು. ಹಳೆಯದರಲ್ಲಿ ಪಿನಿಯನ್ ಆರ್ಮೇಚರಿನ ಶಾಫ್ಟಿನ ಮೇಲೆಯೇ ಕೂತಿರುತ್ತದೆ. ಇದರಲ್ಲಿ ಸಣ್ಣ ಆರ್ಮೇಚರ್ ಬಲು ವೇಗವಾಗಿ ತಿರುಗುತ್ತದೆ, ಮೂರು ಪುಟ್ಟ ಗೇರುಗಳು ಆ ವೇಗವನ್ನು ಸುಮಾರು ನಾಲ್ಕರಲ್ಲಿ ಒಂದಕ್ಕೆ ಇಳಿಸಿ ಬಲ ಹೆಚ್ಚಿಸುತ್ತವೆ. ತೂಕ ಎಷ್ಟು ಕಡಿಮೆಯೆಂದರೆ ಗಾಡಿಯ ಅಡಿಯಲ್ಲಿ ಮಲಗಿ ಒಬ್ಬರೇ ಒಂದು ಕೈಯಲ್ಲಿ ಎತ್ತಿ ಬೋಲ್ಟಿಗೆ ಹೊಂದಿಸಬಹುದು. ಕೊಳ್ಳುವಾಗ ಹಳೆಯದನ್ನು ಕೊಂಡೊಯ್ಯಿರಿ: ಪಿನಿಯನ್ ಹಲ್ಲಿನ ಲೆಕ್ಕ, ತಿರುಗುವ ದಿಕ್ಕು, ಮೋಟರನ್ನು ಬೋಲ್ಟ್ ಹಾಕಿ ಕೂರಿಸುವ ಫ್ಲೇಂಜ್ ಮುಖದಿಂದ ಪಿನಿಯನ್ ತುದಿಗಿರುವ ದೂರ, ಮೂರೂ ಒಂದೇ ಇರಬೇಕು. ಆ ಪುಟ್ಟ ಗೇರುಗಳನ್ನು ಸುತ್ತುವರಿದ ಸುತ್ತುಗೇರ್ ಉಕ್ಕಿನದ್ದೋ ಪ್ಲಾಸ್ಟಿಕ್ಕಿನದ್ದೋ ಕೇಳಿ. ಎಂಜಿನ್ ಹಿಮ್ಮುಖ ಒದ್ದರೆ ಪ್ಲಾಸ್ಟಿಕ್ ಸೀಳುತ್ತದೆ, ಉಕ್ಕಿನದ್ದೇ ಬೇಕು.

ಹಳೆಯದು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಮೋಟರ್ ಹೊರಬಂದ ತೂತಿನಲ್ಲಿ ಟಾರ್ಚ್ ಬಿಟ್ಟು, ಎಂಜಿನ್ನನ್ನು ಕೈಯಿಂದ ತಿರುಗಿಸುತ್ತಾ ಫ್ಲೈವೀಲ್ ರಿಂಗಿನ ಇಡೀ ಸುತ್ತು ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಆರಿಸಿದಾಗ ಹೆಚ್ಚಾಗಿ ಎರಡೇ ಜಾಗದಲ್ಲಿ ನಿಲ್ಲುತ್ತದೆ, ಎದುರುಬದುರು. ಹಲ್ಲು ಸವೆಯುವುದೂ ಅಲ್ಲೇ. ‘ಒಮ್ಮೊಮ್ಮೆ ಹಿಡಿಯುತ್ತದೆ, ಒಮ್ಮೊಮ್ಮೆ ಇಲ್ಲ’ ಎಂಬ ದೂರಿನ ಮೂಲ ಎಷ್ಟೋ ಸಲ ಈ ಎರಡು ಜಾಗ. ಅಲ್ಲಿ ಹಲ್ಲು ಮೊಂಡಾಗಿದ್ದರೆ ಹೊಸ ಪಿನಿಯನ್ನನ್ನೂ ಅದು ತಿನ್ನುತ್ತದೆ.

ನಾಲ್ಕು ಮಳೆಗಾಲದ ಅನುಭವ ಹೀಗೆ. ಬೆಳಗಿನ ತಂಪಿನಲ್ಲಿ ಮೊದಲ ಸಲಕ್ಕೇ ಎಂಜಿನ್ ಚುರುಕಾಗಿ ತಿರುಗುತ್ತದೆ, ಬ್ಯಾಟರಿ ಸ್ವಲ್ಪ ಇಳಿದಿದ್ದರೂ ಸಾಗುತ್ತದೆ. ಇದೇ ಇದರ ದೊಡ್ಡ ಗುಣ. ತೊಂದರೆ ಎರಡು ಬಂತು. ಎರಡನೇ ಮಳೆಗಾಲದಲ್ಲಿ ಪ್ಲಂಜರ್ ಜಡವಾಯಿತು: ಕ್ಲಚ್ ಧೂಳು, ಕೆಂಪು ಮಣ್ಣು, ಕ್ರ್ಯಾಂಕ್ ಹಿಂದಿನ ಸೀಲಿನಿಂದ ಜಿನುಗಿದ ಎಣ್ಣೆ ಸೇರಿ ಹಲಸಿನ ಮೇಣದಂಥ ಅಂಟು. ಸೀಲ್ ಬದಲಾಯಿಸುವವರೆಗೆ ಅದು ನಿಲ್ಲಲಿಲ್ಲ. ಮೂರನೇ ವರ್ಷ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿತು, ಅದರ ಎರಡು ದಪ್ಪ ಬೋಲ್ಟುಗಳ ನಡುವೆ 1.1 ವೋಲ್ಟ್. ಮುಚ್ಚಳದ ಸ್ಕ್ರೂ ತೆಗೆದು, ಎರಡು ವಯರಿನ ಬೆಸುಗೆ ಬಿಡಿಸಿ, ತಾಮ್ರದ ಬೋಲ್ಟುಗಳನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ, ಅವೆರಡನ್ನು ಕೂಡಿಸುವ ತಟ್ಟೆಯನ್ನು ಮಗುಚಿದ್ದಕ್ಕೆ 0.15ಕ್ಕೆ ಇಳಿಯಿತು. ಹೊಸ ಸೊಲೆನಾಯ್ಡ್ ಬೇಕಾಗಲಿಲ್ಲ.

ಒಂದು ಅಂಕ ಕಡಿಮೆಯಾದದ್ದು ಬಿಡಿಭಾಗದ ವಿಷಯದಲ್ಲಿ. ಹಳೆ ಮಾದರಿಯ ಕಾರ್ಬನ್, ಬುಷ್ ಕುಂಬಳೆಯ ಅಂಗಡಿಯಲ್ಲೂ ಸಿಗುತ್ತದೆ. ಇದಕ್ಕೆ ಕಾರ್ಬನ್ ಪ್ಲೇಟನ್ನೇ ಇಡಿಯಾಗಿ ಮಂಗಳೂರಿನಿಂದ ತರಿಸಬೇಕು. ಮತ್ತೊಂದು ಎಚ್ಚರಿಕೆ: ಹಳೆ ಮೋಟರಿಗೆ ಸ್ಪ್ಯಾನರಿನಲ್ಲಿ ಎರಡು ಕುಟ್ಟಿದರೆ ಕಾರ್ಬನ್ ಅಲುಗಿ ಸ್ಟಾರ್ಟ್ ಆಗುತ್ತಿತ್ತು. ಇದನ್ನು ಕುಟ್ಟಲೇಬಾರದು, ಒಳಗೆ ಅಂಟಿಸಿದ ಮ್ಯಾಗ್ನೆಟ್ ಬಿರುಕು ಬಿಟ್ಟರೆ ಮೋಟರ್ ನೇರ ಗುಜರಿಗೆ. ಈ ಮಾತನ್ನು ಗಾಡಿ ಓಡಿಸುವ ಎಲ್ಲರಿಗೂ ಹೇಳಿಡಿ.

ಈ ಆಟಿಯಲ್ಲಿ ಅಳೆದದ್ದು: ಪಾಸಿಟಿವ್ ಬದಿ 0.3, ಅರ್ತ್ ಬದಿ 0.1, ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.4. ಕಾರ್ಬನ್ ಅರ್ಧಕ್ಕಿಂತ ಹೆಚ್ಚೇ ಉಳಿದಿದೆ.