ಮನೆ ಮದುವೆಗೆ ಐವತ್ತರ ಲೆನ್ಸ್ ಒಂದಿದ್ದರೆ ಸಾಕಾ?

ಮದುವೆ ಆರ್ಡರ್ ಹಿಡಿಯುವವರು ಇದನ್ನು ಓದುವುದೇ ಬೇಡ. ಅವರಿಗೆ ಇದೆಲ್ಲ ಗೊತ್ತು. ಮನೆಯಲ್ಲಿ ಒಂದು ಡಿಎಸ್‌ಎಲ್‌ಆರ್ ಇದೆ, ಜೊತೆಗೆ ಬಂದ 18-55 ಲೆನ್ಸ್ ಇದೆ, ಅಕ್ಕನದೋ ತಮ್ಮನದೋ ಮದುವೆ ಗೊತ್ತಾಗಿದೆ, "ನೀನೂ ಕ್ಯಾಮೆರಾ ತಗೊಂಡ್ ಬಾ" ಅಂತ ಮನೆಯವರು ಹೇಳಿದ್ದಾರೆ, ಹೊಸ ಲೆನ್ಸ್ ತಗೊಳ್ಳೋದಾ ಬೇಡವಾ ಅಂತ ನೋಡ್ತಿದ್ದೀರಿ. ಅಂಥವರಿಗೆ ಈ ರಿವ್ಯೂ.

ನಾನು ಬಳಸಿದ್ದು ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ. ಮಂಡ್ಯದಲ್ಲಿ ಚಿಕ್ಕಮ್ಮನ ಮಗಳ ಮದುವೆ, ರಿಸೆಪ್ಷನ್ನಿಂದ ಹಿಡಿದು ಬೀಗರ ಊಟದವರೆಗೆ ಹೆಚ್ಚು ಕಡಿಮೆ ಇದೊಂದೇ ಲೆನ್ಸ್. ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರ್ ಬೇರೆ ಇದ್ದರು, ಇರಲೇಬೇಕು. ಇದನ್ನು ನಂಬಿಕೊಂಡು ಅವರನ್ನು ಬೇಡ ಅನ್ನಬೇಡಿ.

ಲೆನ್ಸ್ 2015ರಲ್ಲಿ ಬಂದದ್ದು. ತೂಕ ಸುಮಾರು 160 ಗ್ರಾಂ, ಕತ್ತಿಗೆ ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ಓಡಾಡಬಹುದು. ಜೂಮ್ ಇಲ್ಲ. ಕೈ ನಡುಕ ತಡೆಯುವ ವ್ಯವಸ್ಥೆಯೂ ಇಲ್ಲ. ಇರುವುದು ಬೆಳಕು ಮಾತ್ರ, ಆದರೆ ಛತ್ರದೊಳಗೆ ಬೇಕಾಗಿರುವುದೂ ಅದೇ ಅಲ್ವಾ. 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ, ಇದು 1.8ರವರೆಗೆ ತೆರೆಯುತ್ತದೆ (ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಿರುತ್ತದೆ). ಲೆಕ್ಕ ಹಾಕಿದರೆ ಸುಮಾರು ಹತ್ತು ಪಟ್ಟು ಬೆಳಕು. ಅಂದರೆ ಅಲ್ಲಿ ಐಎಸ್‌ಒ (ಮಂದ ಬೆಳಕಿನಲ್ಲಿ ಫೋಟೋ ಬೆಳಗಿಸಲು ಏರಿಸುವ ಸೆಟ್ಟಿಂಗ್) 6400 ಇಟ್ಟು ಕಾಳು ಕಾಳಾದ ಫೋಟೋ ಬರುವ ಕಡೆ ಇಲ್ಲಿ 640ಕ್ಕೇ ಕೆಲಸ ಮುಗಿಯುತ್ತದೆ.

ಇದರ ಬೆಲೆ ಗೊತ್ತಾಗುವುದು ಹೆಣ್ಣಿನ ರೂಮಿನಲ್ಲಿ. ಬೆಳಗಿನ ಜಾವ, ಒಂದೇ ಟ್ಯೂಬ್‌ಲೈಟ್, ಒಬ್ಬರು ಮೊಗ್ಗಿನ ಜಡೆ ಕಟ್ಟುತ್ತಿರುತ್ತಾರೆ, ಇನ್ನೊಬ್ಬರು ಪಿನ್ ಹುಡುಕುತ್ತಿರುತ್ತಾರೆ, ಕರೆಸಿದ ಫೋಟೋಗ್ರಾಫರ್ ಇನ್ನೂ ಕಾಫಿ ಕುಡಿಯುತ್ತಿರುತ್ತಾರೆ. ಅಲ್ಲಿ ಫ್ಲ್ಯಾಶ್ ಹೊಡೆದರೆ ಎಲ್ಲರೂ ತಿರುಗಿ ನೋಡಿ ಹಲ್ಲು ಬಿಡುತ್ತಾರೆ. ಇದರಲ್ಲಿ ಫ್ಲ್ಯಾಶ್ ಬೇಡ, ಯಾರೂ ಗಮನಿಸುವುದೂ ಇಲ್ಲ. 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುವುದರಿಂದ ಮೆಹಂದಿ ಕೈ, ಹಸಿರು ಬಳೆ, ಜಡೆಗೆ ಹೆಣೆದ ಮಲ್ಲಿಗೆ ಮೊಗ್ಗು ಚೆನ್ನಾಗಿ ಬರುತ್ತವೆ.

ಆದರೆ 1.8ಕ್ಕೆ ಇಟ್ಟು ಮರೆತುಬಿಡುವ ಹಾಗಿಲ್ಲ. ನಮ್ಮಂಥವರ ಹತ್ತಿರ ಇರುವ ಸಣ್ಣ ಸೆನ್ಸರ್ ಕ್ಯಾಮೆರಾದಲ್ಲಿ ಎರಡು ಮೀಟರ್ ದೂರದಿಂದ ತೆಗೆದರೆ ಹತ್ತು ಹನ್ನೊಂದು ಸೆಂಟಿಮೀಟರ್ ಆಳ ಮಾತ್ರ ಸ್ಪಷ್ಟ. ಹುಡುಗಿಯ ಕಣ್ಣು ಸರಿಯಾಗಿ ಬಂದು, ಅರ್ಧ ಹೆಜ್ಜೆ ಹಿಂದಿರುವ ಹುಡುಗ ಮಂಜಾಗುತ್ತಾನೆ. ಹುಡುಗನ ಕಡೆಯವರಿಗೆ ಆ ಫೋಟೋ ತೋರಿಸೋಕಾಗುತ್ತಾ? ಇಬ್ಬರಿದ್ದರೆ 2.8, ಮೂರ್ನಾಲ್ಕು ಜನ ಇದ್ದರೆ 4. ಫೋಕಸ್‌ಗೆ ನಡುವಿನ ಪಾಯಿಂಟ್ ಒಂದನ್ನೇ ಇಟ್ಟುಕೊಳ್ಳಿ, ಕಡಿಮೆ ಬೆಲೆಯ ಬಾಡಿಗಳಲ್ಲಿ ಮಂದ ಬೆಳಕಿಗೆ ನಂಬಬಹುದಾದದ್ದು ಅದೇ.

ಗ್ರೂಪ್ ಫೋಟೋಗೆ ಈ ಲೆನ್ಸ್ ಖಂಡಿತ ಬೇಡ. ಆ ಸಣ್ಣ ಸೆನ್ಸರ್ ಮೇಲೆ ಇದು ಫುಲ್‌ಫ್ರೇಮ್‌ನ, ಅಂದರೆ ದೊಡ್ಡ ಸೆನ್ಸರ್ ಕ್ಯಾಮೆರಾದ, 80 ಎಂಎಂ ಇದ್ದ ಹಾಗೆ, ಕಡಿಮೆ ಅಗಲವನ್ನಷ್ಟೇ ಹಿಡಿಯುತ್ತದೆ. ಐದು ಮೀಟರ್ ಅಗಲಕ್ಕೆ ನಿಂತ ನೆಂಟರನ್ನು ಒಂದೇ ಫೋಟೋದಲ್ಲಿ ಹಿಡಿಯಬೇಕಾದರೆ ಹನ್ನೊಂದು ಮೀಟರ್‌ಗಿಂತ ಹಿಂದೆ ಹೋಗಬೇಕು. ಅಷ್ಟು ಹಿಂದೆ ಹೋದರೆ ಕುರ್ಚಿ ಸಾಲು ದಾಟಿ ಊಟದ ಕ್ಯೂನಲ್ಲಿ ನಿಂತಿರುತ್ತೀರಿ. "ಏನ್ಲಾ ಮಗ, ಒಬ್ಬೊಬ್ಬರ ಮುಖನೇ ತೆಗೀತಿದ್ದೀಯ, ಎಲ್ಲಾರ್ದೂ ಒಟ್ಟಿಗೆ ತೆಗಿಯಾಕಿಲ್ವಾ?" ಅಂತ ನಮ್ಮ ದೊಡ್ಡಪ್ಪ ಕೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೆ ಫೋನ್ ತೆಗೆಯಿರಿ. ಅದೇ ವಾಸಿ.

ರಿಸೆಪ್ಷನ್ ಸ್ಟೇಜಿನ ವಿಷಯ ಸ್ವಲ್ಪ ಹೇಳಬೇಕು. ಈಗ ಎಲ್ಲ ಕಡೆ ಹಿಂದೆ ಎಲ್‌ಇಡಿ ಪರದೆ, ಪಕ್ಕದಲ್ಲಿ ನೇರಳೆ, ಗುಲಾಬಿ ಲೈಟು. ಬೆಳಕು ಸಿಕ್ಕಿತು ಅಂತ ಶಟರ್ ಸ್ಪೀಡನ್ನು 1/500ಕ್ಕೆ ಏರಿಸಿದರೆ ಫೋಟೋ ತುಂಬಾ ಅಡ್ಡ ಪಟ್ಟೆ ಬರಬಹುದು. ಲೆನ್ಸಿನ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಗೆ ಕಾಣುತ್ತದೆ. 1/100ರಲ್ಲಿ ಇಟ್ಟರೆ ಈ ದೀಪಗಳ ಕಾಟ ಬಹುಪಾಲು ಹೋಗುತ್ತದೆ. ಎಲ್‌ಇಡಿ ಪರದೆಯ ಮಿನುಗು ಬೇರೆ ಲೆಕ್ಕ, ಅದಕ್ಕೆ ಒಂದೆರಡು ತೆಗೆದು ನೋಡಿಕೊಳ್ಳಿ. ರಾ ಫೈಲ್‌ನಲ್ಲಿ (ಜೆಪೆಗ್ ಅಲ್ಲದ, ಬಣ್ಣ ಆಮೇಲೆ ಚೆನ್ನಾಗಿ ತಿದ್ದಬಹುದಾದ ಫೈಲ್) ತೆಗೆಯಿರಿ, ಇಲ್ಲದಿದ್ದರೆ ಆ ಗುಲಾಬಿ ಬಣ್ಣ ಮುಖದಿಂದ ಸುಲಭಕ್ಕೆ ಹೋಗುವುದಿಲ್ಲ.

ಧಾರೆ ಹೊತ್ತಿಗೆ ಮುಂದೆ ವಿಡಿಯೋದವರು, ಫೋಟೋದವರು, ಅವರ ಲೈಟ್ ಹಿಡಿಯುವ ಹುಡುಗ, ಜೊತೆಗೆ ಫೋನ್ ಎತ್ತಿದ ಅರ್ಧ ಬಳಗ. ಅಂತರಪಟ ಸರಿದು ಜೀರಿಗೆ ಬೆಲ್ಲ ಹಾಕುವಾಗ ಪಕ್ಕದ ಸಂದಿಯಿಂದ ಈ ಲೆನ್ಸಿಗೆ ಇಬ್ಬರ ಮುಖ ಚೆನ್ನಾಗಿ ಸಿಗುತ್ತದೆ. ಗಟ್ಟಿಮೇಳ ಶುರುವಾಯಿತೋ, ಎಲ್ಲರೂ ಅಕ್ಷತೆ ಹಾಕೋಕೆ ಎದ್ದುಬಿಡುತ್ತಾರೆ, ತಾಳಿ ಕಟ್ಟುವುದು ನಿಮಗೆ ಕಾಣುವುದಿಲ್ಲ. ಕಾಣದಿದ್ದರೆ ಬಿಡಿ, ಅದಕ್ಕೇ ಅವರಿಗೆ ದುಡ್ಡು ಕೊಟ್ಟಿರುವುದು. ಸ್ಟೇಜಿಗೆ ಬೆನ್ನು ಹಾಕಿ ತಿರುಗಿ ನಿಲ್ಲಿ. ಅಕ್ಷತೆ ಎಸೆಯುವ ಅಜ್ಜಿ, ಕಣ್ಣು ಒರೆಸಿಕೊಳ್ಳುವ ಚಿಕ್ಕಪ್ಪ, ವಾಲಗದವರ ಉಬ್ಬಿದ ಕೆನ್ನೆ, ಇದೆಲ್ಲ ಆಲ್ಬಮ್ಮಿನಲ್ಲಿ ಬರುವುದು ಅಪರೂಪ. ಕರೆಸಿದವರಿಗೆ ಅವರು ಯಾರು ಅಂತಲೇ ಗೊತ್ತಿರುವುದಿಲ್ಲ, ನಿಮಗೆ ಗೊತ್ತು. ಈ ಲೆನ್ಸ್ ದುಡ್ಡಿಗೆ ಮೋಸವಿಲ್ಲ ಅಂತ ನಾನು ಹೇಳುವುದು ಆ ಫೋಟೋಗಳನ್ನು ನೋಡಿಯೇ.

ಬೀಗರ ಊಟ ಹಗಲು ಶಾಮಿಯಾನದಡಿ ಆದರೆ ಯಾವ ಲೆನ್ಸ್ ಆದರೂ ನಡೆಯುತ್ತದೆ. ಮುದ್ದೆ ಬಾಯಿಗೆ ಹೋಗುವ ಕ್ಷಣ ಮಾತ್ರ ತೆಗೆಯಬೇಡಿ, ಬೈಸಿಕೊಳ್ಳುತ್ತೀರಿ.

ಮೈಸೂರಿನಲ್ಲೋ ಮಂಡ್ಯದಲ್ಲೋ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಹೆಸರು ಸರಿಯಾಗಿ ಓದಿ. ಎಸ್‌ಟಿಎಂ ಅಂತ ಬರೆದಿರಬೇಕು, ಹಿಂಬದಿ ಮೌಂಟ್, ಅಂದರೆ ಕ್ಯಾಮೆರಾಗೆ ಕೂರುವ ಭಾಗ, ಲೋಹದ್ದಿರಬೇಕು. 1990ರ ಹಳೆಯ ಮಾಡೆಲ್‌ದು ಪ್ಲಾಸ್ಟಿಕ್, ಅದು 45 ಸೆಂಟಿಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ನಿಕಾನ್ ಡಿ3500, ಡಿ5600 ಥರದ ಕ್ಯಾಮೆರಾ ಇರುವವರು 50 ಎಂಎಂ ಎಫ್/1.8 ಜಿ ಕೇಳಿ. ಅಗ್ಗಕ್ಕೆ ಸಿಕ್ಕಿತು ಅಂತ 1.8 ಡಿ ತಂದರೆ ಆ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲದ ಕಾರಣ ಮದುವೆ ಪೂರ್ತಿ ಕೈಯಲ್ಲೇ ತಿರುಗಿಸುತ್ತಾ ಇರಬೇಕಾಗುತ್ತದೆ.