ಕಾಸರಗೋಡಿನ ಮಗುವಿಗೆ ಯಾವ ಕನ್ನಡ ಪುಸ್ತಕ?

ಕೇರಳದ ಪಠ್ಯವೋ, ಕರ್ನಾಟಕದ್ದೋ, ಮನೆಯಲ್ಲೇ ಬರೆದ ಪಾಠವೋ, ಬೇರೆ ಸಮುದಾಯದವರ ಬಗ್ಗೆ ಮಗುವಿಗೆ ಯಾವುದು ಚೆನ್ನಾಗಿ ಕಲಿಸುತ್ತದೆ ಎಂದು ಕೇಳಿದ್ದೀರಿ. ಪರೀಕ್ಷೆ ಮುಖ್ಯವಾದರೆ ಕೇರಳದ ಕನ್ನಡ ಮಾಧ್ಯಮದ ಪಠ್ಯವೇ, ಬೇರೆ ಮಾತಿಲ್ಲ. ಜಾಸ್ತಿ ಓದಿಸಬೇಕಾದರೆ ಕರ್ನಾಟಕದ ಪಠ್ಯವೂ ಇರಲಿ. ಖರ್ಚಿನ ಚಿಂತೆ ಬೇಡ, ಎರಡರ ಪಿಡಿಎಫ್‌ ಕೂಡ ಪುಕ್ಕಟೆ ಸಿಗುತ್ತದೆ.

ಆದರೆ ನೀವು ಕೇಳಿದ್ದು ಬೇರೆಯವರ ಬಗ್ಗೆ ಮಗು ಏನು ಕಲಿಯುತ್ತದೆ ಅಂತ, ಅಲ್ವಾ? ಬೆಂಗಳೂರಿನಿಂದ ನೋಡಿದರೆ ಮಲಯಾಳಿ ಪಕ್ಕದ ರಾಜ್ಯದವನು. ಇಲ್ಲಿ ಪಕ್ಕದ ಬೆಂಚಿನವನು. ಈ ವಿಷಯಕ್ಕೆ ಮನೆಯಲ್ಲೇ ಬರೆದ ಪಾಠ ವಾಸಿ. ಇಲ್ಲಿನ ಆದಿವಾಸಿ ಸಮುದಾಯವಾದ ಕೊರಗರನ್ನೇ ನೋಡಿ. ‘ಕೊರಗರು ಮುಗ್ಧರು, ಕಾಡಿನ ಮಕ್ಕಳು’ ಎಂದು ಬರೆದರೆ ಇಡೀ ಸಮುದಾಯಕ್ಕೆ ಒಂದೇ ಮುಖ. ‘ಅಜ್ಜಿ ಬಳ್ಳಿ ಸೀಳಿ ಬುಟ್ಟಿ ಹೆಣೆದರು, ಚೌಕಾಸಿಗೆ ಬಗ್ಗಲಿಲ್ಲ’ ಎಂದರೆ ಒಬ್ಬ ಮನುಷ್ಯರು ಕಾಣುತ್ತಾರೆ. ಬರೆಯಲು ಪುರುಸೊತ್ತಿಲ್ಲವೇ? ಇರುವ ಪಾಠದಲ್ಲೇ ‘ವಿಚಿತ್ರ’, ‘ಹಿಂದುಳಿದ’ ಇರುವಲ್ಲಿ ನಿಲ್ಲಿಸಿ, ಯಾರ ಕಣ್ಣಿಗೆ ಅಂತ ಮಗುವನ್ನೇ ಕೇಳಿ.