ರೇಂಜ್‌ಫೈಂಡರ್ ಲೆನ್ಸಿಗೆ ಹುಡ್: ಕ್ಲಿಪ್ಪಿನದೋ, ತಿರುಪಿನದೋ?

ಹುಡ್ ಅಂದರೆ ಪಕ್ಕದಿಂದ ಬೀಳುವ ಬೆಳಕನ್ನು ತಡೆಯಲು ಲೆನ್ಸಿನ ಮುಂದೆ ಹಾಕುವ ಕೊಳವೆ. ಲೈಕಾ ರೇಂಜ್‌ಫೈಂಡರ್ ಕ್ಯಾಮೆರಾದ 50 ಮಿ.ಮೀ. ಸಮಿಕ್ರಾನ್ ಲೆನ್ಸ್ ಇಟ್ಟುಕೊಂಡವರು ಮೊದಲು ಲೆನ್ಸ್ ಯಾವ ಕಾಲದ್ದು ಅಂತ ನೋಡಿ. 1994ರಲ್ಲಿ ಬಂದ ಮಾದರಿಯಲ್ಲಿ ಹುಡ್ ಲೆನ್ಸಿನಲ್ಲೇ ಇದೆ, ಮುಂದಕ್ಕೆ ಎಳೆದರಾಯಿತು. ಸುಮ್ನೆ ಇನ್ನೊಂದು ಕೊಳ್ಳಬೇಡಿ.

ಹಳೆಯದಾದರೆ ಎರಡು ದಾರಿ. ಲೈಕಾದ 12585 ಕ್ಲಿಪ್ ಹುಡ್ ಪಕ್ಕದ ಗುಂಡಿ ಒತ್ತಿದರೆ ಕೂರುತ್ತದೆ. ಒಳಗೆ ಫಿಲ್ಟರ್ ಇದ್ದರೂ ತೊಂದರೆಯಿಲ್ಲ. ಚೀಲಕ್ಕೆ ಹಾಕುವಾಗ ತಲೆಕೆಳಗಾಗಿಯೂ ಸಿಕ್ಕಿಸಬಹುದು. ಹಳೆಯದನ್ನು ಕೊಳ್ಳುವಾಗ ಸ್ಪ್ರಿಂಗ್ ಬಿಗಿ ಇದೆಯಾ ನೋಡಿ, ಸಡಿಲವಾಗಿದ್ದರೆ ಬಿದ್ದುಹೋಗುತ್ತದೆ. 39 ಮಿ.ಮೀ. ತಿರುಪಿನ ಹುಡ್ ಭದ್ರ. ಆದರೆ ನಡುವೆ ಫಿಲ್ಟರ್ ಬಂದರೆ ಹುಡ್ ಮುಂದಕ್ಕೆ ಸರಿಯುತ್ತದೆ, ಚಿತ್ರದ ಮೂಲೆ ಕತ್ತಲಾಗುವ ಸಾಧ್ಯತೆ ಜಾಸ್ತಿ.

ಇಲ್ಲೇ ಎಚ್ಚರ ಬೇಕು. ರೇಂಜ್‌ಫೈಂಡರಿನಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ವ್ಯೂಫೈಂಡರ್ ಎಂಬ ಬೇರೆ ಗಾಜಿನ ಮೂಲಕ ನೋಡುತ್ತೇವೆ ಅಲ್ವಾ? ಹಾಗಾಗಿ ಮೂಲೆ ಕತ್ತಲಾದರೂ ವ್ಯೂಫೈಂಡರಿನಲ್ಲಿ ಗೊತ್ತಾಗುವುದಿಲ್ಲ. ಡಿಜಿಟಲ್ ಆದರೆ ಫೋಕಸ್ ಅನಂತಕ್ಕೆ ಇಟ್ಟು, ಎಫ್/16ರಲ್ಲಿ ಬಿಳಿ ಗೋಡೆ ತೆಗೆದು ನಾಲ್ಕೂ ಮೂಲೆ ನೋಡಿ. 35 ಮಿ.ಮೀ. ಲೆನ್ಸ್ ಸುಮಾರು 63 ಡಿಗ್ರಿ ನೋಡುತ್ತದೆ, 50 ಬರೀ 47. ಆದ್ದರಿಂದ 50ಕ್ಕೆ ಮಾತ್ರ ಅಂತ ಮಾಡಿದ ಉದ್ದ ಹುಡ್ 35ಕ್ಕೆ ಬೇಡವೇ ಬೇಡ.

ಇನ್ನೊಂದು ವಿಷಯ, ಹುಡ್ ವ್ಯೂಫೈಂಡರಿನ ಕೆಳಗಿನ ಬಲಮೂಲೆಯನ್ನು ಮರೆಮಾಡುತ್ತದೆ. ಕಿಂಡಿಗಳಿರುವ ಹುಡ್ ಆದರೆ ಆ ಕಿಂಡಿಗಳ ಮೂಲಕ ಅಲ್ಲಿರುವುದು ಒಂದಿಷ್ಟು ಕಾಣುತ್ತದೆ. ಬೀದಿಯಲ್ಲಿ ಓಡಾಡುವ ಜನರನ್ನು ತೆಗೆಯುವವರಿಗೆ ನಾನು ಕಿಂಡಿಯಿರುವ ತಿರುಪಿನದನ್ನೇ ಹೇಳುತ್ತೇನೆ. ಆಗಾಗ ಫಿಲ್ಟರ್ ಬದಲಿಸುವವರಿಗೆ ಮಾತ್ರ ಕ್ಲಿಪ್ಪಿನದು.